ಸಾಲಿನ ಹೊರಗಿನದೆಲ್ಲ ಕಳೆಯೇ?



ತುಳಸಿಗೇರಿಯ ಕಡೆ ಹೊಲಗಳಲ್ಲಿ ಕೂರಿಗೆಯಿಂದ ಬಿತ್ತಿದ ಜೋಳ ಮೊಳೆತಾಗ ನೋಡಿದ್ದೀರಲ್ಲವೇ? ನಡುವೆ ಎಷ್ಟೇ ಕಳೆ ಇದ್ದರೂ ನಿಮ್ಮ ಕಣ್ಣು ಸಾಲನ್ನು ಥಟ್ಟನೆ ಗುರುತಿಸುತ್ತದೆ. ಭೌತವಿಜ್ಞಾನಿಗಳ ಒಂದು ಮುಖ್ಯ ಕೆಲಸವೂ ಇಂಥದೇ. ಪರಮಾಣುವಿಗಿಂತ ಚಿಕ್ಕದಾದ ಕಣಗಳು ಕಣ್ಣಿಗೆ ಕಾಣುವುದಿಲ್ಲ. ಅವು ಹಾದುಹೋದ ಜಾಡು ಮಾತ್ರ ಚುಕ್ಕೆಗಳ ಸಾಲಾಗಿ ಸಿಗುತ್ತದೆ.

ನಮ್ಮ ರಾಜ್ಯದ ಕೋಲಾರ ಚಿನ್ನದ ಗಣಿಯಲ್ಲಿ 1965ರಲ್ಲಿ ಇಂಥ ಹುಡುಕಾಟ ನಡೆಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಂ.ಜಿ.ಕೆ. ಮೆನನ್, ನಮ್ಮ ನಾಡಿನವರೇ ಆದ ಬಿ.ವಿ. ಶ್ರೀಕಂಠನ್ ಮೊದಲಾದವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡನೆ ಸೇರಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಉಪಕರಣಗಳನ್ನು ಇಟ್ಟರು. ಅಷ್ಟು ಆಳ ಏಕೆ? ಬಾನಿನಿಂದ ಸುರಿಯುವ ಕಣಗಳಲ್ಲಿ ಬಹುತೇಕ ಎಲ್ಲವನ್ನೂ ಬಂಡೆ ತಡೆಯುತ್ತದೆ. ನ್ಯೂಟ್ರಿನೊ ಮಾತ್ರ ಸಲೀಸಾಗಿ ದಾಟಿ ಬರುತ್ತದೆ. ಅಪರೂಪಕ್ಕೊಮ್ಮೆ ಅದು ಬಂಡೆಯೊಳಗೆ ಡಿಕ್ಕಿ ಹೊಡೆದು ಮ್ಯುಆನ್ ಎಂಬ ಕಣವನ್ನು ಹುಟ್ಟಿಸುತ್ತದೆ. ಮ್ಯುಆನ್ ಹಾದುಹೋದಾಗ ನಿಯಾನ್ ತುಂಬಿದ ಕೊಳವೆಗಳು ಮಿನುಗುತ್ತಿದ್ದವು. ಕ್ಯಾಮೆರಾ ತಾನಾಗಿ ಚಿತ್ರ ತೆಗೆಯುತ್ತಿತ್ತು. ಫಿಲ್ಮನ್ನು ನೋಡಿ ಅಳೆಯುವ ಕೆಲಸ ಮಾತ್ರ ಮನುಷ್ಯರದು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಹೀಗೆ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಸಿಕ್ಕಿತು.

ಚಿತ್ರಗಳು ಲಕ್ಷಗಟ್ಟಲೆ ಆದರೆ ನೋಡುವವರು ಯಾರು? ಅಮೆರಿಕದ ಪಾಲ್ ಹಫ್ 1959ರಲ್ಲಿ ಒಂದು ಉಪಾಯ ತಿಳಿಸಿದರು. ಪ್ರತಿ ಚುಕ್ಕೆಯೂ ತನ್ನ ಮೂಲಕ ಹಾದುಹೋಗಬಲ್ಲ ಎಲ್ಲ ಗೆರೆಗಳಿಗೂ ಒಂದೊಂದು ಮತ ಹಾಕಲಿ. ಹೆಚ್ಚು ಮತ ಪಡೆದ ಗೆರೆಯೇ ಜಾಡು! ಇದನ್ನು ಯಂತ್ರವೂ ಮಾಡಬಲ್ಲದು.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ದೊಡ್ಡ ಯಂತ್ರ ಓಡುವಾಗ ಪ್ರೋಟಾನ್ ಗುಂಪುಗಳು ಸೆಕೆಂಡಿಗೆ ಸುಮಾರು 4 ಕೋಟಿ ಸಲ ಎದುರುಬದುರಾಗುತ್ತವೆ. ಇದನ್ನೆಲ್ಲ ಯಾವ ಕಣ್ಣೂ ನೋಡಲಾರದು. ಆದ್ದರಿಂದ ಗಣಕಯಂತ್ರ ಬೇಕೇ ಬೇಕು. ಅದು ಬಹುಪಾಲನ್ನು ಕ್ಷಣದಲ್ಲೇ ಕೈಬಿಡುತ್ತದೆ. ಕೈಬಿಟ್ಟದ್ದು ಮತ್ತೆ ಸಿಗುವುದಿಲ್ಲ.

ನಾವು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಜೋಳದ ಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಕಿ ಸಾಲಿನಲ್ಲಿ ಇರುವುದಿಲ್ಲ. ಆದರೂ ಅವ್ವ ಅದನ್ನು ಕಿತ್ತು ತಂದು ರೊಟ್ಟಿಯ ಜೊತೆ ಕೊಡುತ್ತಾಳೆ. ‘ಸಾಲಿನ ಹೊರಗಿನದೆಲ್ಲ ಕಳೆ’ ಎಂದು ಯಂತ್ರಕ್ಕೆ ಹೇಳಿಕೊಟ್ಟರೆ ಹಕ್ಕರಕಿಯೂ ಹೋಗುತ್ತದೆ. ಕೋಲಾರದ ವಿಜ್ಞಾನಿಗಳಿಗೆ ಯಾವ ಲೆಕ್ಕಕ್ಕೂ ಸುಲಭವಾಗಿ ಹೊಂದದ ಕೆಲವು ಜಾಡುಗಳು ಕಂಡವು. ಅವರು ಅವನ್ನು ಎಸೆಯದೆ 1975ರಲ್ಲಿ ಜಗತ್ತಿನ ಮುಂದಿಟ್ಟರು. ‘ಕೋಲಾರ ಘಟನೆಗಳು’ ಎಂದು ಹೆಸರಾದ ಅವು ಬೇರೆ ಪ್ರಯೋಗಗಳಲ್ಲಿ ದೃಢಪಡಲಿಲ್ಲ. ಆದರೂ ಮುಂದಿಟ್ಟದ್ದು ಸರಿ. ಎಸೆದಿದ್ದರೆ ಬೇರೆಯವರು ಪರೀಕ್ಷಿಸುವುದಾದರೂ ಹೇಗೆ? ಸರ್ನ್‌ನಲ್ಲಿ ಕೂಡ ಆರಿಸದೆಯೇ ಸ್ವಲ್ಪ ಮಾಹಿತಿಯನ್ನು ಉಳಿಸಿಕೊಳ್ಳುವ ಪದ್ಧತಿ ಇದೆ. ಯಂತ್ರ ಎಷ್ಟೇ ಜಾಣವಾದರೂ ಈ ಪದ್ಧತಿ ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

ನಿಮಗೂ ಇದು ಅನ್ವಯಿಸುತ್ತದೆ. ಶಾಲೆಯ ಅಂಗಳದಲ್ಲಿ ಎಲ್ಲರೂ ಕೋಲಿನ ನೆರಳನ್ನು ಅಳೆದಾಗ ನಿಮ್ಮ ಅಳತೆ ಮಾತ್ರ ಬೇರೆ ಬಂದರೆ ಗೆಳೆಯರದನ್ನು ನೋಡಿ ತಿದ್ದಬೇಡಿ. ಬಂದದ್ದನ್ನು ಬಂದಂತೆಯೇ ಬರೆಯಿರಿ. ಆಮೇಲೆ ಮತ್ತೊಮ್ಮೆ ಅಳೆಯಿರಿ.