ಮಾರೀಚನ ಕೂಗು

ಸಿದ್ದಾಪುರದ ಸೀಮೆಯಲ್ಲಿ ಪಂಚವಟಿಯ ಆಟ ನೋಡಿದವರಿಗೆ ಆ ಗಳಿಗೆ ಮರೆಯುವಂಥದಲ್ಲ. ಬಾಣ ತಗುಲಿದ ಮಾರೀಚನು ರಾಮನ ದನಿಯಲ್ಲಿ ಲಕ್ಷ್ಮಣನನ್ನು ಕೂಗುತ್ತಾನೆ. ಸೀತೆ ನಂಬುತ್ತಾಳೆ, ಲಕ್ಷ್ಮಣನು ನಂಬುವುದಿಲ್ಲ, ಆದರೂ ಹೋಗಬೇಕಾಗುತ್ತದೆ. ಎಲೆಕ್ಟ್ರಾನಿಕ್ ಸಮರವೆಂದು ಇಂದು ಕರೆಯುವ ವಿದ್ಯೆಯ ಸಾರವೆಲ್ಲ ಈ ಒಂದು ಸನ್ನಿವೇಶದಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ. ಶತ್ರುವಿನ ರೇಡಿಯೋ ಅಲೆಗಳನ್ನು ಆಲಿಸುವುದು, ಅವನ್ನು ಗದ್ದಲದಲ್ಲಿ ಮುಳುಗಿಸುವುದು, ಅವನದೇ ದನಿಯನ್ನು ಅನುಕರಿಸಿ ಅವನನ್ನು ದಾರಿ ತಪ್ಪಿಸುವುದು: ಇವೇ ಅದರ ಮುಖ್ಯ ಅಂಗಗಳು.

ಇದು ಕೇವಲ ಉಪಮೆಯಲ್ಲ. 1940ರಲ್ಲಿ ಜರ್ಮನಿಯ ವಿಮಾನಗಳು ರೇಡಿಯೋ ಕಿರಣಗಳ ಜಾಡು ಹಿಡಿದು ಇರುಳಿನಲ್ಲಿ ಇಂಗ್ಲೆಂಡಿನ ಮೇಲೆ ಬಾಂಬು ಸುರಿಯುತ್ತಿದ್ದಾಗ, ಆ ಕಿರಣಗಳನ್ನು ಕೆಡಿಸಲೆಂದೇ ಬ್ರಿಟಿಷ್ ವಾಯುಪಡೆ ಒಂದು ವಿಭಾಗವನ್ನು ಕಟ್ಟಿತು. 1943ರ ಅಕ್ಟೋಬರಿನಲ್ಲಿ ಜರ್ಮನ್ ಭಾಷೆ ಬಲ್ಲವರು ಇಂಗ್ಲೆಂಡಿನಿಂದಲೇ ಜರ್ಮನ್ ವೈಮಾನಿಕರಿಗೆ ಸುಳ್ಳು ಆಜ್ಞೆಗಳನ್ನು ಬಿತ್ತರಿಸಿದರು. ಮಾರೀಚನು ಮತ್ತೆ ಹುಟ್ಟಿ ಬಂದಂತಾಯಿತು! ಅದೇ ತಿಂಗಳು 101ನೆಯ ಸ್ಕ್ವಾಡ್ರನ್ನಿನ ಲ್ಯಾಂಕಾಸ್ಟರ್ ವಿಮಾನಗಳಲ್ಲಿ ಎಂಟನೆಯವನೊಬ್ಬನು ಕುಳಿತು, ಶತ್ರುವಿನ ಮಾತನ್ನು ಹುಡುಕಿ ಅದನ್ನು ಸದ್ದಿನಲ್ಲಿ ಮುಳುಗಿಸತೊಡಗಿದನು. ಅವನ ಸಹಾಯ ಎಲ್ಲ ದೊಡ್ಡ ದಾಳಿಗಳಿಗೂ ಬೇಕಾಗಿದ್ದುದರಿಂದ ಆ ತಂಡಕ್ಕೆ ಬಿಡುವೆಂಬುದಿರಲಿಲ್ಲ. ಅದು ತೆತ್ತ ಪ್ರಾಣಗಳ ಲೆಕ್ಕವೂ ದೊಡ್ಡದು.

ಇವೆಲ್ಲ ದೂರದ ಕಥೆಗಳೆಂದು ಶಿರಸಿ, ಯಲ್ಲಾಪುರಗಳ ತೋಟಿಗರಾದ ನಾವು ಭಾವಿಸಬಹುದು. ಆದರೆ ಘಟ್ಟದ ಕೆಳಗೆ ನಮ್ಮ ಜಿಲ್ಲೆಯ ಕಡಲಿದೆ. 1986ರಲ್ಲಿ ಅಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಬಿತ್ತು, 2005ರಲ್ಲಿ ಐ.ಎನ್.ಎಸ್. ಕದಂಬ ನೌಕಾನೆಲೆ ಸೇವೆಗೆ ತೊಡಗಿತು. ಅದಕ್ಕಾಗಿ ಕಾರವಾರ, ಅಂಕೋಲೆಗಳ ಸಾವಿರಾರು ಕುಟುಂಬಗಳು ನೆಲೆ ಬಿಟ್ಟವು. ಅದರಾಚೆ, ಗೋವೆಯ ಹಂಸ ನೆಲೆಯಲ್ಲಿ, ನೌಕಾಪಡೆಯ 310ನೆಯ ವಿಮಾನದಳವಿದೆ. 1961ರ ಮಾರ್ಚಿಯಲ್ಲಿ ಫ್ರಾನ್ಸಿನಲ್ಲಿ ಆಲಿಜೆ ವಿಮಾನಗಳೊಡನೆ ಹುಟ್ಟಿದ ಈ ದಳ 1971ರ ಯುದ್ಧದಲ್ಲಿ ವಿಕ್ರಾಂತ್ ಹಡಗಿನಿಂದ ಹಾರಿತು. ಆ ಡಿಸೆಂಬರಿನಲ್ಲಿ ಪಶ್ಚಿಮ ಸಮುದ್ರದ ಮೇಲೆ ಒಂದು ವಿಮಾನವನ್ನೂ ಅದರಲ್ಲಿದ್ದವರನ್ನೂ ಕಳೆದುಕೊಂಡಿತು. ಮುಂದೆ ಡಾರ್ನಿಯರ್ ವಿಮಾನಗಳನ್ನು ಪಡೆದು ಮಾಹಿತಿ ಸಮರದ ಹೊಣೆ ಹೊತ್ತಿತು. ಇಂಥ ಕಾರ್ಯಕ್ಕೆ ಬೇಕಾದ ಅನೇಕ ಉಪಕರಣಗಳನ್ನು ತಯಾರಿಸುವುದು 1954ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ.

ಹೀಗಿರುವಾಗ ನಾಗರಿಕನಿಗೆ ಇಲ್ಲೇನು ಕೆಲಸವೆಂದು ಕೇಳಬಹುದು. ಬಂದೂಕಿನ ಗುಂಡು ಗುರಿಯಿಟ್ಟವನತ್ತ ಹೋಗುತ್ತದೆ. ಕೆಡಿಸಿದ ಅಲೆಗೆ ಯೋಧನೂ ಒಂದೇ, ಪ್ರಯಾಣಿಕನೂ ಒಂದೇ. 2023ರ ನವೆಂಬರಿನಿಂದ 2025ರ ಫೆಬ್ರವರಿಯವರೆಗೆ, ಮುಖ್ಯವಾಗಿ ಅಮೃತಸರ ಮತ್ತು ಜಮ್ಮುವಿನ ಗಡಿಪ್ರದೇಶದಲ್ಲಿ, ವಿಮಾನಗಳ ಜಿ.ಪಿ.ಎಸ್. ಸಂಕೇತಕ್ಕೆ ಅಡ್ಡಿಯಾದ 465 ಪ್ರಸಂಗಗಳು ವರದಿಯಾಗಿವೆಯೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಉಪಗ್ರಹದಿಂದ ಬರುವ ಆ ಸಂಕೇತ ಬಹು ಕ್ಷೀಣ. ಸಮೀಪದ ಸಣ್ಣದೊಂದು ಯಂತ್ರವೂ ಅದನ್ನು ಮುಚ್ಚಬಲ್ಲುದು. ತದಡಿಯ ಮೀನುಗಾರನೂ ಇಂದು ಅದೇ ಸಂಕೇತವನ್ನು ನಂಬಿ ಕತ್ತಲಲ್ಲಿ ದೋಣಿ ತಿರುಗಿಸುತ್ತಾನೆ.

ಸೇನೆಯ ಗುಟ್ಟುಗಳನ್ನು ಬಯಲು ಮಾಡಿರೆಂದು ನಾನು ಹೇಳುವುದಿಲ್ಲ. ಯಾವ ಅಲೆಯನ್ನು ಹೇಗೆ ಆಲಿಸುತ್ತಾರೆಂಬುದು ಗುಟ್ಟಾಗಿಯೇ ಇರತಕ್ಕದ್ದು. ಆದರೆ ಸಂಕೇತ ಕೆಟ್ಟಾಗ ನಾಗರಿಕನಿಗೆ ಎಚ್ಚರಿಕೆ ಹೇಗೆ ತಲುಪುತ್ತದೆ, ದಿಕ್ಸೂಚಿ ಮತ್ತು ನಕ್ಷೆಗಳ ಹಳೆಯ ವಿದ್ಯೆಯನ್ನು ಯಾರು ಉಳಿಸಿಕೊಂಡಿದ್ದಾರೆ, ಎಂಬ ಪ್ರಶ್ನೆಗಳು ಗುಟ್ಟಿನವಲ್ಲ. ದೇಶಕ್ಕೆ ನೆಲ ಕೊಟ್ಟ ಜಿಲ್ಲೆಗೆ ಇವನ್ನು ಕೇಳುವ ಹಕ್ಕು ಉಂಟು. ನಮ್ಮ ಶಾಲೆ ಕಾಲೇಜುಗಳಲ್ಲಿ ಈ ವಿಚಾರವನ್ನು ಕನ್ನಡದಲ್ಲಿಯೇ ತಿಳಿಯಹೇಳುವ ಪಾಠಗಳೂ ಬರಬೇಕು.

ಪಂಚವಟಿಯಲ್ಲಿ ಕೇಡು ಬಗೆದದ್ದು ಮಾರೀಚನ ಕೂಗೇನೋ ನಿಜ. ಆದರೆ ಆ ದನಿ ಅಣ್ಣನದಲ್ಲವೆಂದು ಅರಿತವನೊಬ್ಬನು ಅಲ್ಲಿಯೇ ಇದ್ದನು. ಅವನ ಮಾತಿಗೆ ಬೆಲೆ ದೊರೆಯಲಿಲ್ಲ. ಸಂಶಯಪಡಬಲ್ಲ ಕಿವಿಯನ್ನು ಕಾಪಾಡುವುದು ವಿಮಾನದಳವೊಂದರ ಕೆಲಸ ಮಾತ್ರವಲ್ಲ, ಸಮಾಜದ ಕೆಲಸವೂ ಹೌದು.