ಪಾಕಶಾಸ್ತ್ರದ ತುಪ್ಪ, ಬಸ್ಸಾರಿನ ಕಟ್ಟು: ವೀಗನ್ ಆಹಾರಕ್ಕೆ ಯಾವ ಪುಸ್ತಕ?

ಹಾಲು, ಮೊಸರು, ತುಪ್ಪ, ಜೇನುಗಳನ್ನು ಬಿಟ್ಟು ಸಸ್ಯಮೂಲದ ಆಹಾರದಿಂದಷ್ಟೇ ಬದುಕಲು ನಿಶ್ಚಯಿಸಿದವರು ಮೊದಲು ಹುಡುಕುವುದು ಒಂದು ಅಡುಗೆ ಪುಸ್ತಕವನ್ನು. ಪುಸ್ತಕದಂಗಡಿಯಲ್ಲಿ ಅವರ ಕೈಗೆ ಸಿಗುವುದು ಎರಡು ಬಗೆ: ‘ಶುದ್ಧ ಸಸ್ಯಾಹಾರಿ’ ಎಂಬ ಹಣೆಪಟ್ಟಿ ಹೊತ್ತ ಕನ್ನಡ ಪುಸ್ತಕ ಒಂದು, ‘ವೀಗನ್’ ಎಂದು ಸಾರಿಕೊಳ್ಳುವ ಇಂಗ್ಲಿಷ್ ಪುಸ್ತಕ ಇನ್ನೊಂದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಓದುಗರಿಗೆ ಈ ಎರಡೂ ಒದಗಲಾರವು. ಮೊದಲನೆಯದು ಹೆಸರಿನಲ್ಲಿ ದಾರಿ ತಪ್ಪಿಸುತ್ತದೆ. ಎರಡನೆಯದು ಪದಾರ್ಥದಲ್ಲಿ ದೂರ ಉಳಿಯುತ್ತದೆ. ಅವರ ಊರಿನ ಒಲೆಗಳ ಮೇಲೆ ತಲೆಮಾರುಗಳಿಂದ ಬೇಯುತ್ತ ಬಂದಿರುವ, ಹಾಲಿನ ಹನಿಯನ್ನೂ ಬೇಡದ ಅಡುಗೆಗೆ ಪುಸ್ತಕದಲ್ಲಿ ಸ್ಥಾನವೇ ದೊರೆತಿಲ್ಲ. ಈ ಕೊರತೆ ಅಡುಗೆ ಮಾಡುವವರದಲ್ಲ, ಅಡುಗೆಯನ್ನು ಬರೆದವರದು. ಆದಕಾರಣ ಇದು ಸಾಹಿತ್ಯದ ವಿದ್ಯಾರ್ಥಿಗಳೂ ಸಂಶೋಧಕರೂ ಉತ್ತರಿಸಬೇಕಾದ ಪ್ರಶ್ನೆ.

ಮೊದಲು ಪದದ ವಿಚಾರ. 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ಹಾಲು ಮೊಟ್ಟೆಗಳನ್ನೂ ಬಿಟ್ಟ ಸಸ್ಯಾಹಾರಿಗಳಿಗಾಗಿ ‘ವೀಗನ್’ ಎಂಬ ಪದವನ್ನು ರೂಢಿಗೆ ತಂದರು. ಎರಡೇ ವರ್ಷಗಳಲ್ಲಿ, 1946ರಲ್ಲಿ, ಫೇ ಹೆಂಡರ್ಸನ್ ಅವರ ವೀಗನ್ ಅಡುಗೆ ಪುಸ್ತಕ ಪ್ರಕಟವಾಯಿತು. ಪದ ಹುಟ್ಟಿದೊಡನೆ ಅದಕ್ಕೆ ಪಾಕಗ್ರಂಥವೂ ಹುಟ್ಟಿತು. ಹೊಸ ವ್ರತವೊಂದು ನಿತ್ಯದ ಬದುಕಾಗಿ ನಿಲ್ಲಬೇಕಾದರೆ ಅದು ಊಟದ ತಟ್ಟೆಯಲ್ಲಿ ಇಳಿಯಬೇಕೆಂಬುದನ್ನು ಅವರು ಅರಿತಿದ್ದರು. ಕನ್ನಡದಲ್ಲಾದರೋ ‘ಶುದ್ಧ ಸಸ್ಯಾಹಾರ’ ಎಂಬ ಮಾತಿಗೆ ಮಾಂಸ, ಮೊಟ್ಟೆಗಳಿಲ್ಲ ಎಂಬುದಷ್ಟೇ ಅರ್ಥ. ಆ ಫಲಕ ತೂಗುಹಾಕಿದ ಹೋಟೆಲಿನಲ್ಲಿ ದೋಸೆಗೆ ಬೆಣ್ಣೆ, ಪೊಂಗಲಿಗೆ ತುಪ್ಪ, ಅನ್ನಕ್ಕೆ ಮೊಸರು ಸಹಜವಾಗಿಯೇ ಬರುತ್ತವೆ. ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಯೂ ಹಾಲನ್ನು ಒಳಗೊಂಡೇ ಇದೆ. ವೀಗನ್ ಆಹಾರಕ್ಕೆ ಬೇರೆಯೇ ಗುರುತು ಬೇಕೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ನಿಯಮ ರೂಪಿಸಿತು. ಕಾನೂನು ಗುರುತಿಸಿದ ಈ ವ್ಯತ್ಯಾಸವನ್ನು ಕನ್ನಡದ ಪಾಕಪುಸ್ತಕಗಳು ಬಹುಮಟ್ಟಿಗೆ ಇನ್ನೂ ಗುರುತಿಸಿಲ್ಲ.

ಪಾಕಸಾಹಿತ್ಯದ ಕಡೆಗೆ ತಿರುಗಿದರೆ ಇದರ ಕಾರಣ ತಿಳಿಯುತ್ತದೆ. ಕನ್ನಡದಲ್ಲಿ ಈ ಸಾಹಿತ್ಯ ಹೊಸದಲ್ಲ. ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ ಇಮ್ಮಡಿ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ಕೃಷಿ, ಜಲಶೋಧನೆ, ವೈದ್ಯಗಳ ಜೊತೆಗೆ ಅಡುಗೆಯ ವಿಷಯಕ್ಕೂ ಸ್ಥಾನವಿದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ ಅನ್ನಭೋಗವನ್ನು ರಾಜಭೋಗಗಳಲ್ಲಿ ಒಂದಾಗಿ ಎಣಿಸಿತು. ಅಲ್ಲಿ ಮಾಂಸದ ಅಡುಗೆಗೂ ವಿಸ್ತಾರವಾದ ಅವಕಾಶವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ, ‘ಸಮ್ಯಕ್ತ್ವ ಕೌಮುದಿ’ಯ ಕರ್ತೃವಾದ ಮೂರನೆಯ ಮಂಗರಸ ಅಡುಗೆಯೊಂದನ್ನೇ ವಸ್ತುವಾಗಿಟ್ಟುಕೊಂಡು ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿ ರಚಿಸಿದ. ಹಿಟ್ಟಿನ ಭಕ್ಷ್ಯ, ಪಾನಕ, ಅನ್ನ, ಬದನೆ, ಬಾಳೆ, ಹಲಸು ಎಂದು ಪದಾರ್ಥಗಳ ಕ್ರಮದಲ್ಲಿ ಸಾಗುವ ಈ ಕೃತಿ ಆ ಕಾಲದ ಜೈನ ಅಡುಗೆಮನೆಯ ಅಪೂರ್ವ ದಾಖಲೆ.

ಇಲ್ಲಿಯೇ ಜಾಗರೂಕತೆ ಬೇಕು. ‘ಸೂಪಶಾಸ್ತ್ರ’ ಮಾಂಸವರ್ಜಿತ ಗ್ರಂಥ. ಆದರೆ ಕ್ಷೀರವರ್ಜಿತ ಗ್ರಂಥವಲ್ಲ. ಹಾಲು, ಮೊಸರು, ಬೆಣ್ಣೆ, ತುಪ್ಪಗಳೇ ಅದರ ಪಾಕಗಳ ಘನತೆಯ ಅಳತೆಗೋಲು. ಮಂಗರಸನನ್ನು ಇದಕ್ಕಾಗಿ ಆಕ್ಷೇಪಿಸುವುದು ಅಸಂಗತ. ಶ್ರಾವಕಾಚಾರವು ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಮೂಲಗುಣಗಳಲ್ಲಿ ಸೇರಿಸಿತು, ಹಾಲನ್ನು ಸೇರಿಸಲಿಲ್ಲ. ಜೇನಿನ ವಿಷಯದಲ್ಲಿ ಜೈನ ಆಚಾರವೂ ವೀಗನ್ ನಿಲುವೂ ಒಂದಾಗುತ್ತವೆ. ಹಾಲಿನ ವಿಷಯದಲ್ಲಿ ಬೇರೆಯಾಗುತ್ತವೆ. ಗೆಡ್ಡೆ, ಈರುಳ್ಳಿ, ಬೆಳ್ಳುಳ್ಳಿಗಳ ವಿಷಯದಲ್ಲಿ ಮತ್ತೊಂದು ಕಡೆಯಿಂದ ಬೇರೆಯಾಗುತ್ತವೆ. ‘ನಮ್ಮ ಪೂರ್ವಿಕರೆಲ್ಲ ವೀಗನ್ನರೇ ಆಗಿದ್ದರು, ಪಶ್ಚಿಮದಿಂದ ಕಲಿಯುವುದೇನೂ ಇಲ್ಲ’ ಎಂದು ಸಭೆಗಳಲ್ಲಿ ಹೇಳುವವರು ‘ಸೂಪಶಾಸ್ತ್ರ’ವನ್ನು ಓದಿದವರಲ್ಲ. ಪರಂಪರೆಯನ್ನು ಹೊಗಳುವ ಭರದಲ್ಲಿ ಅದರ ಪಠ್ಯಕ್ಕೆ ಇಲ್ಲದ ಅರ್ಥವನ್ನು ಹಚ್ಚುವುದು ಪಾಂಡಿತ್ಯವಾಗಲಾರದು. ಆ ಮಾತನ್ನು ನಂಬಿ ಹಳೆಯ ಸಸ್ಯಾಹಾರಿ ಪಾಕಪುಸ್ತಕ ಹಿಡಿದ ಹೊಸಬರು, ಪುಟ ತಿರುವಿದಂತೆಲ್ಲ ತುಪ್ಪವನ್ನೂ ಮೊಸರನ್ನೂ ಹೊಡೆದುಹಾಕುತ್ತ ಹೋಗಬೇಕಾಗುತ್ತದೆ. ಅಷ್ಟೂ ಹೊಡೆದ ಮೇಲೆ ಉಳಿಯುವುದು ಅಡುಗೆಯಲ್ಲ, ಅಡುಗೆಯ ಅವಶೇಷ.

ಬರೆದ ಅಡುಗೆ ಅರಮನೆಯದು, ಶ್ರೀಮಂತರ ಮನೆಯದು, ಹಬ್ಬದ್ದು. ಅದರಾಚೆ ಇನ್ನೊಂದು ಅಡುಗೆಮನೆಯಿತ್ತೆಂಬುದಕ್ಕೆ ಕಾವ್ಯದಲ್ಲೇ ಸಾಕ್ಷಿಯಿದೆ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ರಾಗಿಯೂ ಭತ್ತವೂ ಶ್ರೇಷ್ಠತೆಗಾಗಿ ವಾದಿಸಿ, ರಾಮನ ತೀರ್ಪಿನಿಂದ ರಾಗಿ ಗೆಲ್ಲುತ್ತದೆ. ಕಾವ್ಯದಲ್ಲಿ ಗೆದ್ದ ಧಾನ್ಯ ಪಾಕಪುಸ್ತಕದಲ್ಲಿ ಗೆಲ್ಲಲಿಲ್ಲ. ಇಂದಿಗೂ ಅನೇಕ ಕನ್ನಡ ಅಡುಗೆ ಪುಸ್ತಕಗಳಲ್ಲಿ ಅಕ್ಕಿಯ ತಿಂಡಿಗಳಿಗೆ ಪುಟಗಟ್ಟಲೆ ಜಾಗ. ರಾಗಿಗೆ ಒಂದು ರೊಟ್ಟಿ, ಒಂದು ಅಂಬಲಿ, ಹೆಚ್ಚೆಂದರೆ ಒಂದು ಹಾಲುಬಾಯಿ. ಮುದ್ದೆಯನ್ನಂತೂ ಎಲ್ಲರಿಗೂ ಬರುವ ಕೆಲಸವೆಂದು ಬಿಟ್ಟುಬಿಡುತ್ತಾರೆ. ಗಂಟಾಗದಂತೆ ಹಿಟ್ಟು ತೊಳಸುವ ಕೈ ಎಲ್ಲರಿಗೂ ಹುಟ್ಟಿನಿಂದ ಬರುವುದಿಲ್ಲವೆಂದು ಪೇಟೆಯಲ್ಲಿ ಬೆಳೆದವರೆಲ್ಲ ಬಲ್ಲರು.

ಈ ನಾಲ್ಕು ತಾಲ್ಲೂಕುಗಳ ನಿತ್ಯದ ಊಟವನ್ನು ಗಮನಿಸಬೇಕು. ಮುದ್ದೆಗೆ ಬೇಕಾದದ್ದು ರಾಗಿಹಿಟ್ಟು, ನೀರು. ಬಸ್ಸಾರಿಗೆ ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿದ ಕಟ್ಟು, ಹುರಿದು ಅರೆದ ಕಾಯಿ, ಮೆಣಸಿನಕಾಯಿ, ಕೊತ್ತಂಬರಿ, ಹುಣಸೆ. ಬಸಿದು ಉಳಿದ ಸೊಪ್ಪು ಕಾಳು ಒಗ್ಗರಣೆಯೊಡನೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ವ್ಯಂಜನ. ಉಪ್ಸಾರಿಗೆ ಉಪ್ಪು ಹಾಕಿದ ಕಟ್ಟು, ಪಕ್ಕದಲ್ಲಿ ಅರೆದ ಖಾರ. ಮಸ್ಸೊಪ್ಪು, ಹುರುಳಿಕಟ್ಟಿನ ಸಾರು, ಮೊಳಕೆಕಾಳಿನ ಸಾರು, ಹುಚ್ಚೆಳ್ಳಿನ ಚಟ್ನಿ; ಚಳಿಗಾಲ ಬಂತೆಂದರೆ ಮಾಗಡಿ ಕಡೆಯ ಸೊಗಡಿನ ಅವರೆಕಾಯಿ, ಹಿತಕಿದ ಬೇಳೆಯ ಸಾರು. ಹೊಲದ ಬದುವಿನಿಂದ ಆಯ್ದು ತಂದ ಬೆರಕೆ ಸೊಪ್ಪಿಗೆ ಬೆಲೆಯೇ ಇಲ್ಲ. ಹಬ್ಬಕ್ಕೆ ಒತ್ತುಶ್ಯಾವಿಗೆಯ ಮೇಲೆ ಬೆಲ್ಲ ಬೆರೆಸಿದ ಕಾಯಿಹಾಲು. ಇವುಗಳಲ್ಲಿ ಹಾಲು ತುಪ್ಪಗಳನ್ನು ತೆಗೆದುಹಾಕಬೇಕಾದ ಪ್ರಸಂಗವೇ ಇಲ್ಲ, ಏಕೆಂದರೆ ಅವು ಮೊದಲಿಂದಲೂ ಅಲ್ಲಿಲ್ಲ.

ಇದನ್ನು ಹೇಳುವಾಗ ಇನ್ನೊಂದು ಅತಿಯನ್ನೂ ತಡೆಯಬೇಕು. ಈ ಊಟ ಅಹಿಂಸೆಯ ಸಂಕಲ್ಪದಿಂದ ರೂಪುಗೊಂಡದ್ದಲ್ಲ. ಕರೆದ ಹಾಲನ್ನು ಮಾರಬೇಕಾಗಿದ್ದ, ತುಪ್ಪವನ್ನು ಹಬ್ಬಕ್ಕಷ್ಟೇ ಕಂಡ ಮನೆಗಳ ಅನಿವಾರ್ಯತೆಯೂ ಅದರಲ್ಲಿದೆ. ಅದೇ ಮನೆಗಳಲ್ಲಿ ಹಬ್ಬ, ಜಾತ್ರೆಗಳಿಗೆ ಕೋಳಿ ಕುರಿಗಳ ಅಡುಗೆಯೂ ಇದೆ. ಮುದ್ದೆಯ ಊಟದ ಕೊನೆಗೆ ಮಜ್ಜಿಗೆಯೂ ಇದೆ. ಬಡತನವನ್ನು ವ್ರತವೆಂದು ವೈಭವೀಕರಿಸುವುದು ಆ ಜನರಿಗೆ ಮಾಡುವ ಅವಮಾನ. ಆದರೆ ಪುಸ್ತಕವನ್ನು ಆರಿಸುವವರಿಗೆ ಬೇಕಾದದ್ದು ಮನೆತನದ ಪ್ರಮಾಣಪತ್ರವಲ್ಲ, ಪಾಕದ ಕ್ರಮ. ಬಸ್ಸಾರು ಯಾವ ಕಾರಣದಿಂದ ಹುಟ್ಟಿದ್ದರೂ ಇಂದು ಹಾಲನ್ನು ಬಿಟ್ಟವರ ತಟ್ಟೆಗೆ ಅದು ಪೂರ್ಣವಾದ ಅಡುಗೆ.

ಇಂಗ್ಲಿಷಿನ ವೀಗನ್ ಪುಸ್ತಕಗಳ ದೋಷ ಬೇರೆ ತೆರನದು. ಪಾಶ್ಚಾತ್ಯ ಊಟದ ನಡುವೆ ಮಾಂಸ, ಚೀಸ್, ಬೆಣ್ಣೆಗಳಿದ್ದವು. ಅವುಗಳನ್ನು ತೆಗೆದಾಗ ಬಿದ್ದ ತೆರಪನ್ನು ಬಾದಾಮಿ ಹಾಲು, ಸೋಯಾ ತೋಫು, ಗೋಡಂಬಿಯ ಚೀಸ್‌ಗಳಿಂದ ತುಂಬುವುದು ಅಲ್ಲಿ ನ್ಯಾಯವೇ. ಅದೇ ಪುಸ್ತಕ ಕನಕಪುರದ ಮನೆಗೆ ಬಂದಾಗ ಇಲ್ಲದ ತೆರಪನ್ನು ಮೊದಲು ಸೃಷ್ಟಿಸಿ, ಅನಂತರ ದುಬಾರಿ ಪದಾರ್ಥದಿಂದ ಅದನ್ನು ತುಂಬಲು ಹೇಳುತ್ತದೆ. ಸಂತೆಯಲ್ಲಿ ಹುರುಳಿ, ಅಲಸಂದೆ, ಕಡಲೆಕಾಯಿ ರಾಶಿ ಬಿದ್ದಿರುವಾಗ ವಿದ್ಯಾರ್ಥಿಯೊಬ್ಬಳು ಬಾದಾಮಿ ಹಾಲಿನ ಡಬ್ಬಿಗೆ ಹಣ ಹೊಂದಿಸಲಾರದೆ ತನ್ನ ನಿಶ್ಚಯವನ್ನೇ ಕೈಬಿಟ್ಟರೆ, ಸೋತದ್ದು ಅವಳ ಸಂಕಲ್ಪವಲ್ಲ. ಅವಳ ಕೈಗೆ ಬಂದ ಪುಸ್ತಕ. ‘ಅದು ಹಣವಂತರ ಶೋಕಿ’ ಎಂಬ ಮಾತು ಊರಿನಲ್ಲಿ ಬೇರೂರುವುದೂ ಇಂಥ ಪುಸ್ತಕಗಳಿಂದಲೇ.

ದೇಹಪೋಷಣೆಯ ಪ್ರಶ್ನೆಯನ್ನು ಮುಚ್ಚಿಡುವ ಪುಸ್ತಕ, ಅದು ಯಾವ ಭಾಷೆಯದಾದರೂ, ತ್ಯಾಜ್ಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120 ಮಿಲಿಗ್ರಾಂ. ರಾಗಿಯದು ಅಷ್ಟೂ ದೇಹಕ್ಕೆ ದಕ್ಕುವುದಿಲ್ಲ. ಮೊಳಕೆ ಕಟ್ಟಿದರೆ, ಹುಳಿ ಬರಿಸಿದರೆ ಹೆಚ್ಚು ದಕ್ಕುತ್ತದೆ. ಇಷ್ಟನ್ನು ಧೈರ್ಯವಾಗಿ ಹೇಳಬಹುದು. ಆದರೆ ವಿಟಮಿನ್ ಬಿ12ರ ವಿಷಯ ಹಾಗಲ್ಲ. ಅದನ್ನು ಸಸ್ಯಗಳು ಉತ್ಪಾದಿಸುವುದಿಲ್ಲ. ಮಜ್ಜಿಗೆಯನ್ನೂ ಬಿಟ್ಟವರಿಗೆ ಮುದ್ದೆ ಬಸ್ಸಾರುಗಳಿಂದ ಅದು ದೊರೆಯದು. ಕೊರತೆ ವರ್ಷಗಳ ಕಾಲ ಮರೆಯಲ್ಲಿದ್ದು, ರಕ್ತಹೀನತೆಯಾಗಿ, ನರಗಳ ದೌರ್ಬಲ್ಯವಾಗಿ ಕಾಣಿಸಿಕೊಳ್ಳಬಹುದು. ವೈದ್ಯರ ಸಲಹೆಯಂತೆ ಮಾತ್ರೆಯನ್ನೋ ಬಿ12 ಸೇರಿಸಿದ ಆಹಾರವನ್ನೋ ತೆಗೆದುಕೊಳ್ಳಬೇಕೆಂದು ಸ್ಪಷ್ಟವಾಗಿ ಬರೆಯದೆ, ‘ಪ್ರಕೃತಿಯಲ್ಲಿ ಎಲ್ಲವೂ ಇದೆ’ ಎಂದು ತೇಲಿಸುವ ಲೇಖಕರು ಓದುಗರ ಆರೋಗ್ಯದೊಡನೆ ಆಟವಾಡುತ್ತಾರೆ.

ಈ ಸೀಮೆಯಲ್ಲಿ ವೀಗನ್ ಮಾತು ಎತ್ತಿದೊಡನೆ ಬರುವ ಆಕ್ಷೇಪವನ್ನು ತಳ್ಳಿಹಾಕಲಾಗದು. ರಾಮನಗರ ರೇಷ್ಮೆಗೂಡಿನ ಬಹು ದೊಡ್ಡ ಮಾರುಕಟ್ಟೆ. ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಂಘಗಳಿವೆ. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅರಗು ಕೂಡ ಕೀಟದಿಂದ ಬಂದದ್ದು. ಮಕ್ಕಳ ಶಾಲೆಯ ಖರ್ಚನ್ನು ಹಾಲಿನ ಬಟವಾಡೆಯಿಂದ ತೂಗಿಸುವ ತಾಯಂದಿರ ಮುಂದೆ ನಿಂತು ಹಾಲೇ ಪಾಪವೆಂದು ಉಪದೇಶಿಸುವ ಪುಸ್ತಕ ಯಾರನ್ನೂ ಬದಲಿಸದು. ಅಡುಗೆ ಪುಸ್ತಕದ ಕರ್ತವ್ಯ ಉಪದೇಶವಲ್ಲ. ತಾನಾಗಿ ನಿಶ್ಚಯಿಸಿದವರ ಊಟವನ್ನು ಸುಲಭ ಮಾಡುವುದು. ಹಾಲನ್ನು ಮಾರಿ ರಾಗಿ ಉಣ್ಣುವ ಮನೆಯಲ್ಲಿ ಮಗಳೊಬ್ಬಳು ಹಾಲು ಬಿಟ್ಟರೆ ತಾಯಿಗೆ ಬೇರೆ ಅಡುಗೆಯ ಹೊರೆ ಬೀಳದು. ಮಜ್ಜಿಗೆಯ ಲೋಟವೊಂದನ್ನು ಪಕ್ಕಕ್ಕಿಟ್ಟರೆ ಇಬ್ಬರೂ ಒಂದೇ ಪಾತ್ರೆಯ ಸಾರು ಉಣ್ಣಬಹುದು.

ಹಾಗಾದರೆ ಪುಸ್ತಕದ ಪರೀಕ್ಷೆ ಹೇಗೆ? ಮುಖಪುಟದ ಹಣೆಪಟ್ಟಿಯನ್ನು ಬಿಟ್ಟು ಪರಿವಿಡಿಯನ್ನು ನೋಡಬೇಕು. ರಾಗಿ, ಅವರೆ, ಹುರುಳಿ, ಸೊಪ್ಪುಗಳಿಗೆ ಸ್ವತಂತ್ರ ಸ್ಥಾನವಿದೆಯೇ? ಯಾವುದಾದರೂ ಹತ್ತು ಪಾಕಗಳನ್ನು ತೆರೆದಾಗ ಹಾಲು ತುಪ್ಪಗಳನ್ನು ಹೊಡೆದುಹಾಕದೆ ಮಾಡಬಹುದಾದವು ಎಷ್ಟು? ಒಂದು ಸಂತೆಯ ಚೀಲದಿಂದ ಒಂದು ವಾರದ ಊಟ ನಡೆಯುತ್ತದೆಯೇ? ಹಬ್ಬದ ಅಡುಗೆಗಿಂತ ಮಂಗಳವಾರದ ಅಡುಗೆಗೆ ಹೆಚ್ಚು ಪುಟಗಳಿವೆಯೇ? ‘ಹದವಾಗಿ’ ಎಂದು ಬರೆದು ಕೈತೊಳೆದುಕೊಳ್ಳದೆ, ಹದದ ಗುರುತನ್ನು ಹೇಳಿದೆಯೇ? ಬಿ12ರ ಮಾತು ಬಂದಿದೆಯೇ? ಈ ಪ್ರಶ್ನೆಗಳಿಗೆ ಒಪ್ಪುವ ಉತ್ತರ ಕೊಡುವ ಪುಸ್ತಕ ಸಸ್ಯಾಹಾರಿ ಎನಿಸಿಕೊಂಡಿರಲಿ, ಮಾಂಸಾಹಾರದ ಅಧ್ಯಾಯವನ್ನೇ ಹೊಂದಿರಲಿ, ಹೊಸ ವೀಗನ್ನರಿಗೆ ಅದೇ ಮೇಲು. ಮುದ್ದೆ ಸಾರಿನ ಪಾಠ ಚೆನ್ನಾಗಿರುವ ಪುಸ್ತಕದಲ್ಲಿ ಕೋಳಿಸಾರಿನ ಪುಟಗಳನ್ನು ದಾಟಿಹೋಗುವುದು, ಪ್ರತಿ ಪಾಕದಿಂದಲೂ ತುಪ್ಪವನ್ನು ಹೆಕ್ಕಿ ತೆಗೆಯುವುದಕ್ಕಿಂತ ಸುಲಭ.

ಕೊನೆಗೂ ಈ ಸೀಮೆಗೆ ಬೇಕಾದ ಪುಸ್ತಕವನ್ನು ಈ ಸೀಮೆಯೇ ಬರೆಯಬೇಕು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಹಳ್ಳಿಯ ಬದುಕಿನ ವಸ್ತುಗಳು ಸಂಗ್ರಹವಾಗಿ ಉಳಿದಿವೆ. ಬೀಸುವ ಪದಗಳನ್ನು ಸಂಗ್ರಹಿಸಿದ ಕನ್ನಡ ಜಾನಪದ ಅಧ್ಯಯನ, ಆ ಬೀಸಿದ ಹಿಟ್ಟು ಏನಾಯಿತೆಂಬುದನ್ನು ಅಷ್ಟೇ ಶ್ರದ್ಧೆಯಿಂದ ಕೇಳಲಿಲ್ಲ. ನಾಲ್ಕು ತಾಲ್ಲೂಕುಗಳ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳು ತಮ್ಮ ಅಜ್ಜಿಯರ ಮುಂದೆ ಕೂತು ಸೊಪ್ಪಿನ ಹೆಸರು, ಅದು ಸಿಗುವ ತಿಂಗಳು, ಕಾಳಿನ ಅಳತೆ, ಅರೆಯುವ ಕ್ರಮ, ಒಂದೂರಿಂದ ಇನ್ನೊಂದೂರಿಗೆ ಬದಲಾಗುವ ಪಾಠಾಂತರಗಳನ್ನು ಬರೆದುಕೊಂಡರೆ, ಗ್ರಂಥಸಂಪಾದನೆಯ ತರಗತಿಯಲ್ಲಿ ಕಲಿತ ವಿದ್ಯೆಗೆ ಇದಕ್ಕಿಂತ ಸಾರ್ಥಕ ಬಳಕೆ ಸಿಗದು. ಬೆರಕೆ ಸೊಪ್ಪಿನಲ್ಲಿ ಹತ್ತು ಬಗೆಯನ್ನು ಹೆಸರಿಟ್ಟು ಗುರುತಿಸಬಲ್ಲ ತಲೆಮಾರು ಬೇಗನೆ ಕಡಿಮೆಯಾಗುತ್ತಿದೆ. ಮಂಗರಸ ತಾನು ಬಲ್ಲ ಅಡುಗೆಮನೆಯನ್ನು ಬರೆದಿಟ್ಟದ್ದರಿಂದ ಐದು ಶತಮಾನಗಳ ಬಳಿಕವೂ ಅದರ ರುಚಿ ತಿಳಿಯುತ್ತಿದೆ. ಬಸ್ಸಾರಿನ ಅಡುಗೆಮನೆ ತನ್ನ ಮಂಗರಸನಿಗಾಗಿ ಇನ್ನೂ ಕಾಯುತ್ತಿದೆ. ಬಹಳ ಕಾಲ ಕಾಯುವ ಸ್ಥಿತಿಯಲ್ಲಿ ಅದಿಲ್ಲ.