ಮನೆ ಬಿಟ್ಟ ಹೆಂಗಸೂ ಮಗ್ಗದ ಕೂಲಿಯೂ

ಮೊಳಕಾಲ್ಮೂರಿನ ರೇಷ್ಮೆಸೀರೆಯನ್ನು ಹೊಗಳದ ಬಾಯಿ ಚಿತ್ರದುರ್ಗದ ಸೀಮೆಯಲ್ಲಿ ದುರ್ಲಭ. ಅದರ ಅಂಚಿನ ಬೆಡಗು, ಸೆರಗಿನ ಬಣ್ಣ, ನೇಯ್ಗೆಯ ಬಿಗಿ ಇವುಗಳನ್ನು ಕುರಿತು ಸಭೆ ಸಮಾರಂಭಗಳಲ್ಲಿ ಉಪನ್ಯಾಸಗಳಾಗುತ್ತವೆ. ಆ ಸೀರೆಯ ನೂಲನ್ನು ರಾಟೆಗೇರಿಸಿ ಕಂಡಿಕೆ ಸುತ್ತಿದ ಕೈ ಯಾರದು, ಸೀರೆ ಮುಗಿದ ದಿನ ಆ ಕೈಗೆ ಬಂದ ಕಾಸು ಎಷ್ಟು ಎಂಬ ಪ್ರಶ್ನೆ ಮಾತ್ರ ಉಪನ್ಯಾಸಕರ ಬಾಯಲ್ಲಿ ಬರುವುದಿಲ್ಲ. ಮಗ್ಗವಿರುವುದು ಮನೆಯೊಳಗೆ. ರೇಷ್ಮೆ ಬರುವುದು ಸಾಮಾನ್ಯವಾಗಿ ಯಜಮಾನನ ಹೆಸರಿಗೆ. ಕೂಲಿ ಬರೆಯುವುದೂ ಆತನ ಲೆಕ್ಕಕ್ಕೆ. ಹೆಂಡತಿಯ ದುಡಿಮೆಯನ್ನು ಗಂಡನಿಗೆ ಕೈಯಾಸರೆಯೆಂದು ಹೇಳಿ ಮುಗಿಸುವುದು ವಾಡಿಕೆ. 2019–20ರ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ನೇಕಾರರೂ ನೇಯ್ಗೆಗೆ ಸೇರಿದ ಇತರ ಕೆಲಸಗಳನ್ನು ಮಾಡುವವರೂ ಕೂಡಿ ದೇಶದಲ್ಲಿ ಸುಮಾರು 35 ಲಕ್ಷ ಜನರೆಂದು ಎಣಿಸಲಾಯಿತು. ಅವರಲ್ಲಿ ನೂರಕ್ಕೆ 72 ಮಂದಿ ಸ್ತ್ರೀಯರು. ನೂರಕ್ಕೆ 72 ಮಂದಿ ಬರಿಯ ಕೈಯಾಸರೆಯವರಾದರೆ ಕಸಬುದಾರರು ಯಾರು?

ಈ ಪ್ರಶ್ನೆಗೂ ಗಂಡನ ಹೊಡೆತವನ್ನು ತಾಳಲಾರದೆ ಮನೆ ಬಿಟ್ಟ ಹೆಂಗಸಿನ ಪಾಡಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವೆಲ್ಲವೂ ಇಲ್ಲಿಯೇ ಇದೆ. ಕಛೇರಿಯಲ್ಲಿ ಸಂಬಳಕ್ಕಿರುವವಳು ಮನೆ ಬಿಟ್ಟರೆ ಮನೆಯೊಂದನ್ನೇ ಬಿಡುತ್ತಾಳೆ. ಮರುದಿನ ಬೆಳಗ್ಗೆ ಅವಳ ಕೆಲಸ ಅವಳಿಗೆ ಉಂಟು. ಮಗ್ಗದ ಮನೆಯವಳಾದರೋ ಹೊಸಿಲು ದಾಟಿದ ಕ್ಷಣವೇ ಸೂರು, ಕಸಬು, ಉಪಕರಣ, ಹತ್ತು ಹದಿನೈದು ವರ್ಷ ದುಡಿದುದರ ಸಾಕ್ಷ್ಯ ಎಲ್ಲವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾಳೆ. ಚಳ್ಳಕೆರೆಯ ಕಡೆ ಕಂಬಳಿಗಾಗಿ ಉಣ್ಣೆ ನೂಲುವವಳ, ಗಂಡನ ಹೊಲದ ಶೇಂಗಾ ಕಿತ್ತು ಬಿಡಿಸುವವಳ ಸ್ಥಿತಿಯೂ ಬೇರೆಯಲ್ಲ. ಇಂತಹವಳಿಗೆ ಧೈರ್ಯ ಸಾಲದೆಂದು ಆಡಿಕೊಳ್ಳುವವರು ಮೊದಲು ಈ ಲೆಕ್ಕವನ್ನು ಮಾಡಿ ನೋಡತಕ್ಕದ್ದು.

ಆದರೆ ಲೆಕ್ಕಕ್ಕೆ ಮುಂಚೆ ಪಂಚರು ಬಂದುಬಿಡುತ್ತಾರೆ. ಪೆಟ್ಟು ತಿಂದವಳು ತವರು ಸೇರಿದ ಕೆಲವು ದಿನಗಳಲ್ಲಿಯೇ ಹಿರಿಯರು ಕೂಡಿ, ಗಂಡನಿಗೆ ನಾಲ್ಕು ಮಾತು ಬುದ್ಧಿ ಹೇಳಿ, ಹೆಂಡತಿಗೆ ‘ಹೊಂದಿಕೊಂಡು ಹೋಗಮ್ಮ’ ಎಂದು ಅಪ್ಪಣೆ ಕೊಟ್ಟು, ಎಲೆ ಅಡಿಕೆ ಹಾಕಿಕೊಂಡು ಏಳುತ್ತಾರೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಇದಕ್ಕೆ ಸದಾ ಸಿದ್ಧವಾಗಿಯೇ ಇರುತ್ತದೆ. ಗಾದೆ ಕಟ್ಟಿದವನು ಇಬ್ಬರೂ ಉಂಡಿದ್ದಾರೆಂದು ತಿಳಿದಿದ್ದನು; ಒಬ್ಬಳು ಪೆಟ್ಟು ತಿಂದು ಮಲಗಿದುದು ಅವನ ಗಮನಕ್ಕೆ ಬಂದಂತಿಲ್ಲ! 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ಣಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಸ್ತ್ರೀಯರ ಪೈಕಿ ನೂರಕ್ಕೆ 44 ಮಂದಿ ಗಂಡನ ಕೈಯಲ್ಲಿ ಹಿಂಸೆ ಅನುಭವಿಸಿದುದಾಗಿ ತಿಳಿಸಿದರು. ಇಡೀ ದೇಶದ ಸರಾಸರಿ ನೂರಕ್ಕೆ 29. ಹಿಂಸೆಗೊಳಗಾದ ಭಾರತದ ಸ್ತ್ರೀಯರಲ್ಲಿ ಯಾರನ್ನಾದರೂ ನೆರವು ಕೇಳಿದವರು ನೂರಕ್ಕೆ 14 ಮಾತ್ರ. ಮಿಕ್ಕವರ ಮೌನವನ್ನೇ ಪಂಚರು ಸಂಸಾರದ ನೆಮ್ಮದಿಯೆಂದು ಎಣಿಸುತ್ತಿರುವರೆ?

ಕಾನೂನಿಲ್ಲವೆಂದು ಹೇಳುವಂತಿಲ್ಲ. ಹಿಂದೂ ಸ್ತ್ರೀಯರ ಆಸ್ತಿಯ ಹಕ್ಕನ್ನು ವಿಸ್ತರಿಸುವ ಶಾಸನವನ್ನು ಮೈಸೂರು ಸಂಸ್ಥಾನವು 1933ರಲ್ಲಿಯೇ ಮಾಡಿತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಅಧಿನಿಯಮವು 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಮ್ಯಾಜಿಸ್ಟ್ರೇಟರು ಹೊಡೆಯುವವನನ್ನು ತಡೆಯಬಹುದು, ವಾಸದ ಹಕ್ಕನ್ನು ಕಾಪಾಡಬಹುದು, ಹಣ ಕೊಡಿಸಬಹುದು. ಮನೆ ಮಾವನ ಹೆಸರಿನಲ್ಲಿದೆ ಎಂಬ ಕಾರಣಕ್ಕೇ ಸೊಸೆಗೆ ಅಲ್ಲಿ ವಾಸದ ಹಕ್ಕಿಲ್ಲವೆನ್ನಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಮಾನಿಸಿತು. ಮೊಳಕಾಲ್ಮೂರಿಗೆ ರಾಯದುರ್ಗದ ಕಡೆಯಿಂದ ಬಂದ ಸೊಸೆಯು ಗಡಿ ದಾಟಿ ತವರು ಸೇರಿದರೆ, ತಾನು ಆಗ ವಾಸವಾಗಿರುವ ಊರಿನ ನ್ಯಾಯಾಲಯದಲ್ಲಿಯೇ ಅರ್ಜಿ ಸಲ್ಲಿಸಬಹುದು.

ಈ ಅಧಿನಿಯಮದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಅದನ್ನು ಓದಿದವರು ಕಡಿಮೆ, ಓದಿ ಬಳಸಿದವರು ಇನ್ನೂ ಕಡಿಮೆ. ಕೌಟುಂಬಿಕ ಸಂಬಂಧದಿಂದ ಒಬ್ಬಳು ಬಳಸಲು ಹಕ್ಕುಳ್ಳ ಸಾಧನ ಸೌಕರ್ಯಗಳಿಂದ ಅವಳನ್ನು ದೂರವಿಡುವುದೂ ಆರ್ಥಿಕ ಹಿಂಸೆಯೆಂದು ಅದರ 3ನೆಯ ಪ್ರಕರಣವು ಹೇಳುತ್ತದೆ. ನೇಕಾರರ ಮನೆಯಲ್ಲಿ ಮಗ್ಗಕ್ಕಿಂತ ಮಿಗಿಲಾದ ಸಾಧನ ಯಾವುದು? ಹೆಂಡತಿಯನ್ನು ಹೊರಹಾಕಿ ಮಗ್ಗವನ್ನು ಒಳಗಿಟ್ಟುಕೊಂಡವನು ಅವಳ ಮೈಮೇಲೆ ಕೈಮಾಡಿದುದಲ್ಲದೆ ಅವಳ ಅನ್ನದ ಮೇಲೆಯೂ ಕೈಮಾಡಿದನೆಂದು ವಾದಿಸಲು ಇದಕ್ಕಿಂತ ಹೆಚ್ಚಿನ ಆಧಾರ ಬೇಕಿಲ್ಲ. ಅರ್ಜಿಗಳಲ್ಲಿ ಒಡವೆಯ ಪಟ್ಟಿ ಬರುವಂತೆ ಮಗ್ಗ, ರಾಟೆ, ಬಾಕಿ ಕೂಲಿ ಇವುಗಳ ಪಟ್ಟಿಯೂ ಬರಬೇಕು.

ಇನ್ನು ಉಪಕಾರಿಗಳ ಮಾತು. ಮನೆ ಬಿಟ್ಟು ಬಂದವಳೆಂದೊಡನೆ ಅವರಿಗೆ ತೋರುವ ಔಷಧ ಒಂದೇ: ಹೊಲಿಗೆಯ ಯಂತ್ರ. ವೇದಿಕೆ, ಹಾರ, ಯಂತ್ರದ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಹೆಂಗಸು, ಒಂದು ಛಾಯಾಚಿತ್ರ. ಅಲ್ಲಿಗೆ ಪುನರ್ವಸತಿ ಮುಗಿಯಿತು. ಬಾಲ್ಯದಿಂದ ರೇಷ್ಮೆಯ ಎಳೆಯ ಮರ್ಮವನ್ನರಿತವಳಿಗೆ ರವಿಕೆ ಹೊಲಿಯುವುದನ್ನು ಮೊದಲಿನಿಂದ ಕಲಿಸುವುದು ಯಾವ ನ್ಯಾಯ? ಅವಳಿಗೆ ಇಲ್ಲದಿರುವುದು ಕುಶಲತೆಯಲ್ಲ. ಮಗ್ಗ ಹೂಡಲು ಒಂದು ಬಾಡಿಗೆಯ ಕೋಣೆ, ತನ್ನ ಹೆಸರಿಗೆ ರೇಷ್ಮೆ, ತನ್ನ ಖಾತೆಗೆ ಕೂಲಿ. ಜಿಲ್ಲಾ ಕೇಂದ್ರದಲ್ಲಿ ಕೆಲವು ದಿನಗಳ ಆಶ್ರಯ ದೊರೆಯುವುದು ಒಳ್ಳೆಯದೇ. ಅದು ಪ್ರಾಣ ಉಳಿಸುತ್ತದೆ. ಆಮೇಲಿನ ತಿಂಗಳ ಬಾಡಿಗೆಯನ್ನು ಕಟ್ಟುವವರು ಯಾರು?

ಸರ್ಕಾರದ ನೆರವೂ ಮನೆಯ ಲೆಕ್ಕವನ್ನೇ ಹಿಡಿದು ನಡೆಯುತ್ತದೆ. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ಬರೆದವಳಿಗೆ ಸಲ್ಲತಕ್ಕದ್ದು. ಅತ್ತೆ ಯಜಮಾನಿಯಾಗಿರುವ ಮನೆಯಿಂದ ಹೊರಬಿದ್ದ ಸೊಸೆಗೆ ಆ ಹಣವೂ ಇಲ್ಲ, ಹೆಸರು ಬೇರೆಯಾಗುವ ತನಕ ತನ್ನದೇ ಪಡಿತರ ಚೀಟಿಯೂ ಇಲ್ಲ. ಚೀಟಿ ಬೇರೆ ಮಾಡಿಸಿಕೊಡುವುದು ಯಂತ್ರ ದಾನ ಮಾಡಿದಷ್ಟು ಶೋಭೆಯ ಕೆಲಸವಲ್ಲ. ಆದಕಾರಣ ಅದಕ್ಕೆ ದಾನಿಗಳು ಸಿಕ್ಕುವುದಿಲ್ಲ.

ಹೆಂಗಸಿನ ಕೈಯಲ್ಲಿ ಕಾಸಾಡಿದರೆ ಸಂಸಾರಗಳು ಮುರಿಯುವುವೆಂದು ಕೆಲವರು ಭಯಪಡುತ್ತಾರೆ. ಹೋಗಲು ಬೇರೆ ಎಡೆಯಿಲ್ಲವೆಂಬ ಒಂದೇ ಕಾರಣದಿಂದ ನಿಂತಿರುವ ಸಂಸಾರವು ಎಂದೋ ಮುರಿದಿದೆ. ಗೋಡೆ ಮಾತ್ರ ನಿಂತಿದೆ. ಗಂಡನ ಮನೆಗೆ ಹಿಂದಿರುಗುವವರೂ ಉಂಟು, ಅದು ಅವರ ಇಷ್ಟ. ಆದರೆ ಕೈಯಲ್ಲಿ ಸ್ವಂತ ಕೂಲಿಯುಳ್ಳವಳು ಹಿಂದಿರುಗುವುದು ಬೇರೆ, ಹಸಿದವಳು ಹಿಂದಿರುಗುವುದು ಬೇರೆ.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತೇರಿಗೆ ಸೇರುವ ಜನಸ್ತೋಮದಲ್ಲಿ ಈ ಪಂಚರೂ ಇರುತ್ತಾರೆ, ಈ ಉಪಕಾರಿಗಳೂ ಇರುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ತಿಪ್ಪೇರುದ್ರಸ್ವಾಮಿಯ ಮಾತನ್ನು ತಲೆಯ ಮೇಲೆ ಹೊತ್ತು ಮನೆಗೆ ಬರುತ್ತಾರೆ. ಕೆರೆಯ ಕೆಲಸಕ್ಕೆ ಬಂದವರಿಗೆ ಅವರವರ ದುಡಿಮೆಗೆ ತಕ್ಕಷ್ಟೇ ಕೂಲಿ ದೊರಕಿತೆಂಬುದು ಅಲ್ಲಿಯ ಐತಿಹ್ಯ. ಗಂಡಸಿನ ಕೈಗೆ ಇಬ್ಬರ ಕೂಲಿ ಕೊಟ್ಟರೆಂದು ಯಾರೂ ಹೇಳಿದುದಿಲ್ಲ. ಮುಂದಿನ ಸಲ ರಾಜಿಗೆ ಕೂಡುವ ಪಂಚರು ಎಲೆ ಅಡಿಕೆಯ ತಟ್ಟೆಯ ಪಕ್ಕದಲ್ಲಿ ಕೂಲಿಯ ಲೆಕ್ಕದ ಪುಸ್ತಕವನ್ನೂ ತರಿಸಲಿ. ಮದುವೆಯಾದಂದಿನಿಂದ ಆಕೆ ಸುತ್ತಿದ ಕಂಡಿಕೆಯ ಕೂಲಿ ಎಷ್ಟಾಯಿತೆಂದು ಮೊದಲು ಎಣಿಸಲಿ. ಹೊಂದಿಕೊಳ್ಳುವ ಮಾತು ಆಮೇಲೆ ಬರಲಿ.